ಚಕ್ಕಲಿ ಒರಳಿನ ಮೈಕು

ರಾಮದುರ್ಗದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ವಿದ್ಯುತ್ತು, ಅಯಸ್ಕಾಂತ, ಎಲೆಕ್ಟ್ರಾನು ಎಲ್ಲವೂ ರಘೋತ್ತಮ ಸರ್ ಹೇಳಿದಂತೆ ಕೇಳುತ್ತವೆ ಎಂದು ನನ್ನ ವಿದ್ಯಾರ್ಥಿಗಳು ನಂಬಿದ್ದಾರೆ. (ಹಿಂದಿನ ಬೆಂಚಿನವರು ಮಲಗಿರುವುದರಿಂದ ಅವರ ಅಭಿಪ್ರಾಯ ತಿಳಿದಿಲ್ಲ.) ಆದರೆ ಮನೆಯಲ್ಲಿ ಮಿಕ್ಸರ್ ಕೆಟ್ಟರೆ ನನ್ನ ಹೆಂಡತಿ ವರದಾ ಫೋನು ಮಾಡುವುದು ಬಜಾರಿನ ರೇಡಿಯೋ ರಿಪೇರಿಯ ಶಂಕ್ರೆಪ್ಪನಿಗೆ. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕುರ್ಚಿಯ ಮೇಲೆ ಪೇಪರು ಹಿಡಿದು ಕೂತಿರುತ್ತೇನೆ. ಅವಳು ನನ್ನನ್ನು ದಾಟಿಕೊಂಡೇ ಹೋಗಿ ಫೋನು ಎತ್ತುತ್ತಾಳೆ.

"ಅಲ್ಲ, ನಾ ಇಲ್ಲೇ ಇದ್ದೀನಲ್ಲ?" ಎಂದು ಒಮ್ಮೆ ಕೇಳಿದೆ.

"ಅದಕ್ಕ ಜಲ್ದಿ ಫೋನ್ ಮಾಡ್ಲಿಕ್ಕೆ ಹತ್ತೀನಿ" ಎಂದಳು.

ಅವಳ ಈ ಅಪನಂಬಿಕೆಗೆ ಕಾರಣವಿಲ್ಲದೆ ಇಲ್ಲ. ಅವಳದೊಂದು ಎಲೆಕ್ಟ್ರಾನಿಕ್ ತಂಬೂರಿ ಇತ್ತು. ಸಂಗೀತದ ರಿಯಾಜಿಗೆ ಕೂತಾಗ ಗುಂಡಿ ಒತ್ತಿದರೆ ಶ್ರುತಿ ಹಿಡಿಯುವ ಸಣ್ಣ ಡಬ್ಬಿ. ಅದರಲ್ಲಿ ಸ್ವಲ್ಪ ಕರಕರ ಬರುತ್ತದೆ ಎಂದು ನಾನೇ ಬಿಚ್ಚಿ ಸರಿಮಾಡಿದೆ. ಕರಕರ ಪೂರ್ತಿ ನಿಂತಿತು. ಅದರ ಜೊತೆಗೆ ಶ್ರುತಿಯೂ ನಿಂತಿತು. ಮೂರು ಸ್ಕ್ರೂ ಉಳಿದವು, ಅವು ಇನ್ನೂ ನನ್ನ ಪೆನ್ ಸ್ಟ್ಯಾಂಡಿನಲ್ಲಿವೆ.

ಇನ್ನು ವಿಷಯಕ್ಕೆ ಬರುತ್ತೇನೆ. ಸವದತ್ತಿಯ ಒಂದು ಸಂಗೀತ ಮಂಡಳಿಯವರು ವರ್ಷಕ್ಕೊಮ್ಮೆ ಹೆಣ್ಣುಮಕ್ಕಳಿಗೆ ದೇವರನಾಮದ ಸ್ಪರ್ಧೆ ಇಡುತ್ತಾರೆ. ಮೊದಲು ಹಾಡು ರೆಕಾರ್ಡ್ ಮಾಡಿ ಕಳಿಸಬೇಕು. ಆಯ್ಕೆಯಾದವರು ಸವದತ್ತಿಗೆ ಹೋಗಿ ವೇದಿಕೆಯ ಮೇಲೆ ಹಾಡಬೇಕು. ಹೋದ ವರ್ಷ ವರದಾ ಅಡುಗೆಮನೆಯಲ್ಲಿ ಮೊಬೈಲು ನಿಲ್ಲಿಸಿಕೊಂಡು ಹಾಡಿ ಕಳಿಸಿದ್ದಳು. "ಕಂಠ ಚೆನ್ನಾಗಿದೆ, ಆದರೆ ಹಿಂದೆ ಶ್ರುತಿಯೇ ಇಲ್ಲ, ಹಾಡು ಬರಿದಾಗಿ ಕೇಳಿಸುತ್ತದೆ" ಎಂದು ತಿರುಗಿ ಬಂತು. ನಮ್ಮ ಮನೆಯಲ್ಲಿ ಈರುಳ್ಳಿ ತರುವ ಪದ್ಧತಿಯಿಲ್ಲ. ಆದ್ದರಿಂದ ಆ ದಿನ ಅವಳ ಕಣ್ಣು ಕೆಂಪಾಗಿದ್ದಕ್ಕೆ ಬೇರೆ ಯಾವ ಕಾರಣವನ್ನೂ ಹೇಳಲು ಅವಳಿಗೆ ಆಗಲಿಲ್ಲ. ಬೈಲಹೊಂಗಲದ ತವರಿನಲ್ಲಿದ್ದಾಗ ವರ್ಷಗಟ್ಟಲೆ ಸಂಗೀತ ಕಲಿತವಳು. ನಾನು ತಂಬೂರಿ ಕೆಡಿಸಿದ ಮೇಲೆ ಆ ಹಾಡನ್ನು ನಾವು ಕೇಳಿದ್ದು ಆರತಿಯ ಹೊತ್ತಿಗೆ ಮಾತ್ರ. ನನಗೂ ಕೆಡುಕೆನಿಸಿತ್ತು, ಸುಳ್ಳು ಹೇಳುವುದಿಲ್ಲ.

ಈ ವರ್ಷ ಸ್ಪರ್ಧೆಯ ಸುದ್ದಿ ಬಂದ ಕೂಡಲೆ ಅವಳು ಹೇಳಿದಳು: "ಈ ಸಲ ನಾ ಬೆಳಗಾವಿಗೆ ಹೋಗಿ ಸ್ಟುಡಿಯೋದಾಗ ಹಾಡ್ತೀನಿ."

ಆಗ ನನ್ನ ತಲೆಯಲ್ಲಿ ಆ ಮಹದಾಲೋಚನೆ ಉದಯಿಸಿತು.

"ಸ್ಟುಡಿಯೋ ಯಾಕ? ನಾನಽ ಮೈಕ್ ಮಾಡ್ತೀನಿ. ಇವತ್ತಿನ ಪ್ಲಾಸ್ಟಿಕ್ ಮೈಕ್ ಅಲ್ಲ. ಹಳೇ ಕಾಲದ ವಾಲ್ವಿನ ಮೈಕ್. ಹಿಂದಿನ ದೊಡ್ಡ ದೊಡ್ಡ ಗವಾಯಿಗಳೆಲ್ಲ ಅಂಥಾದರ ಮುಂದಽ ಹಾಡಿದ್ದು. ಒಳಗ ಗಾಜಿನ ಬುರುಡೆ ಇರ್ತದ, ಅದರಾಗ ತಂತಿ ಕೆಂಪಗಾಗಿ ಬೆಳಗ್ತದ. ಧ್ವನಿ ಹೆಂಗ ಬರ್ತದ ಗೊತ್ತೇನು? ಬೆಲ್ಲದ ಪಾಕ!"

"ತಂಬೂರಿ?" ಎಂದಳು ವರದಾ. ಒಂದೇ ಶಬ್ದ. ನನ್ನ ಪೆನ್ ಸ್ಟ್ಯಾಂಡಿನ ಕಡೆ ನೋಡುತ್ತ ಹೇಳಿದಳು.

"ಅದು ಬ್ಯಾರೆ, ಇದು ಬ್ಯಾರೆ. ಅದರಾಗ ಇರೂದು ಚಿಪ್. ಚಿಪ್ಪಿಗೆ ನಾ ಏನ್ ಮಾಡ್ಲಿ? ವಾಲ್ವ್ ಅಂದ್ರ ಶುದ್ಧ ಭೌತಶಾಸ್ತ್ರ."

"ಕಳಿಸೂದು ಕಡೀ ದಿನ ಐತವಾರ ಸಂಜಿ ಆರಕ್ಕ. ಅದರೊಳಗ ಆಗ್ಲಿಲ್ಲಂದ್ರ ನಾ ನಿಮ್ಮ ಜೋಡಿ ಮಾತಾಡೂದಿಲ್ಲ" ಎಂದಳು. ಆ ಭಾನುವಾರಕ್ಕೆ ಇನ್ನೂ ಎರಡು ತಿಂಗಳ ಸಮಯವಿತ್ತು. ಒಪ್ಪಿಕೊಂಡೆ.

ಧ್ವನಿ ಹಿಡಿಯುವ ತೆಳು ಪೊರೆಯ ಬಿಲ್ಲೆಯನ್ನು ಆನ್‌ಲೈನಿನಲ್ಲಿ ತರಿಸಿದೆ. ವಾಲ್ವಿಗಾಗಿ ಶಂಕ್ರೆಪ್ಪನ ಅಂಗಡಿಗೇ ಹೋಗಬೇಕಾಯಿತು. (ಮನೆಗೆ ಬಂದಾಗ ಅವನ ಮುಖ ನೋಡದವನು ಅಂಗಡಿಗೆ ಹೋಗಿ ನಕ್ಕು ಮಾತಾಡಿಸಿದೆ. ಸಂಶೋಧಕನಾದವನಿಗೆ ಅಭಿಮಾನ ಇರಬಾರದು.) ಅವನು ಅಟ್ಟದ ಮೇಲಿನ ಒಂದು ಮುದಿ ರೇಡಿಯೋದ ಹೊಟ್ಟೆಯಿಂದ ವಾಲ್ವು ತೆಗೆದು, ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟ.

"ಹಳೇ ಮಾಲ್ ಐತ್ರಿ ಸರ್. ಬಿಸಿ ಆಗಾಕ ಒಂಚೂರು ತಡಾ ಹಿಡೀತೈತಿ. ಒಮ್ಮಿ ಬಿಸಿ ಆತಂದ್ರ ಚಲೋ ಕೆಲಸಾ ಮಾಡ್ತೈತಿ. ನೀವು ಅವಸರಾ ಮಾಡಬ್ಯಾಡ್ರಿ" ಎಂದ.

ಉಳಿದದ್ದು ಮೈಕಿನ ದೇಹ. ಹಳೆಯ ಮೈಕು ಎಂದರೆ ಕೊಳವೆಯಂತೆ ಉರುಟಾಗಿ, ತೂಕವಾಗಿ, ಮುಂದೆ ತೂತುಗಳ ಜಾಲರಿಯಿಂದ ಮೆರೆಯಬೇಕು. ಎಲ್ಲಿ ತರುವುದು? ಎರಡು ದಿನ ಯೋಚಿಸಿ, ಮೂರನೆಯ ದಿನ ಚಹಾ ಕೇಳಲು ಅಡುಗೆಮನೆಗೆ ಹೋದಾಗ ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆಯ ಚಕ್ಕಲಿ ಒರಳು ಕಣ್ಣಿಗೆ ಬಿತ್ತು. ಉರುಟು, ತೂಕ, ಮುಂದೆ ಶೇವು ಒತ್ತುವ ಸಣ್ಣ ತೂತುಗಳ ಬಿಲ್ಲೆ! ನಮ್ಮ ಅಜ್ಜಿಯ ಕಾಲದ್ದು. ಇದಕ್ಕಿಂತ ಹಳೆಯ ಮಾದರಿ ಯಾವ ದೇಶದ ಕಂಪನಿಯೂ ಮಾಡಿರಲಾರದು.

ಅವ್ವ ಹಿಂದಿನಿಂದ ನೋಡಿಬಿಟ್ಟಳು. ಅವ್ವನೆಂದರೆ ಶಾಂತಾಬಾಯಿ, ಈ ಮನೆಯ ಮಡಿಯ ಮುಖ್ಯಾಧಿಕಾರಿ.

"ರಘೂ, ಒರಳು ಯಾಕ ತಗೊಂಡೀ?"

"ಮೈಕ್ ಮಾಡ್ಲಿಕ್ಕೆ ಅವ್ವಾ."

"ದೀಪಾವಳಿಗೆ ಚಕ್ಕಲಿ?"

"ಅಷ್ಟೊತ್ತಿಗೆ ವಾಪಸ್ ಕೊಡ್ತೀನಿ."

"ಅದರಾಗ ಕರೆಂಟ್ ಹಾಯಸ್ತೀ ಏನು?"

"ಹೌದು."

"ಹಂಗಾರ ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡಬೇಕು ನೋಡು. ಕರೆಂಟ್ ಮೈಲಗಿ" ಎಂದು ಅವ್ವ ದೇವರಮನೆಗೆ ಹೋದಳು. ಕರೆಂಟು ಮೈಲಿಗೆ ಎಂಬುದು ಯಾವ ಗ್ರಂಥದಲ್ಲಿದೆಯೋ ನಾನು ಕೇಳಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ನನ್ನ ಪ್ರಯೋಗಶಾಲೆ ಶುರುವಾಯಿತು. ಒರಳಿನೊಳಗೆ ವಾಲ್ವು ಕೂರಿಸಿದೆ, ಶೇವಿನ ಬಿಲ್ಲೆಯ ಹಿಂದೆ ಚಹಾ ಸೋಸುವ ಜಾಲರಿ, ಅದರ ಹಿಂದೆ ಪೊರೆಯ ಬಿಲ್ಲೆ. ಪಕ್ಕದಲ್ಲಿ ಬಿಸ್ಕೀಟಿನ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರು. ವಾಲ್ವಿಗೆ ಇನ್ನೂರು ವೋಲ್ಟು ಬೇಕು. ಅದು ಒಮ್ಮೆ ನನ್ನ ಕೈಯನ್ನೂ ಮುಟ್ಟಿ ಮಾತಾಡಿಸಿತು, ನಾನು ಕೂತಲ್ಲಿಂದ ಬಾಗಿಲವರೆಗೆ ಬಂದಿದ್ದೆ. "ಏನಾತ್ರಿ?" ಎಂದು ವರದಾ ಒಳಗಿನಿಂದ ಕೇಳಿದಳು. "ಏನಿಲ್ಲ, ಗಾಳಿಗೆ ಬಂದೆ" ಎಂದೆ.

ಅಂತೂ ಬೆಸುಗೆಯೆಲ್ಲ ಮುಗಿದು ಒಂದು ಸಂಜೆ ಮೈಕನ್ನು ನನ್ನ ಹಳೆಯ ಸ್ಪೀಕರಿಗೆ ಜೋಡಿಸಿ ಚಾಲೂ ಮಾಡಿದೆ. ಮೂವರೂ ಕೂತು ಕಾದೆವು. ಒರಳಿನ ತೂತುಗಳೊಳಗೆ ಸಣ್ಣಗೆ ಕೆಂಪು ಬೆಳಕು ಮೂಡಿತು. ಅವ್ವ ಕೈ ಮುಗಿದಳು. ಆಮೇಲೆ ಸ್ಪೀಕರಿನಿಂದ ಬಂತು:

ಗುಂಯ್‌ಂ‌ಂ‌ಂ...

"ಇದೇನ್ರಿ?" ಎಂದಳು ವರದಾ.

"ಇದು ಹಮ್ಮು. ಮನಿಯೊಳಗಿನ ಕರೆಂಟಿನ ಸಪ್ಪಳ ಮೈಕಿನಾಗ ಸೇರ್ಕೊಂಡದ. ನಾಳಿಗೆ ತಗದು ಒಗೀತೀನಿ."

ಆ ನಾಳೆ ಬರಲು ತಿಂಗಳು ಹಿಡಿಯಿತು. ನಾನು ತಂತಿಗಳನ್ನು ಹೆಣೆದೆ, ಬಿಚ್ಚಿದೆ, ಮತ್ತೆ ಹೆಣೆದೆ. ಟ್ರಾನ್ಸ್‌ಫಾರ್ಮರನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಮಾಡಿಸಿದೆ. ಚಪಾತಿ ಸುತ್ತುವ ಬೆಳ್ಳಿ ಕಾಗದವನ್ನೆಲ್ಲ ಮೈಕಿಗೆ ಸುತ್ತಿ, ಕಾಲೇಜಿಗೆ ಚಪಾತಿಯನ್ನು ಪೇಪರಿನಲ್ಲಿ ಒಯ್ದೆ. ಗುಂಯ್ ಮಾತ್ರ ಜಗ್ಗಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಕಿವಿಯಲ್ಲಿ ಅದೇ. ಸುರೇಬಾನದ ಬಸ್ಸು ನಿಂತು ಗುರ್ರೆಂದರೂ "ಇದಕ್ಕೂ ಅರ್ಥಿಂಗ್ ಸರಿ ಇಲ್ಲ" ಎಂದುಕೊಳ್ಳುವಷ್ಟಕ್ಕೆ ಬಂದೆ.

ಒಂದು ಮಾತ್ರ ಒಳ್ಳೆಯದಾಯಿತು. ವರದಾ ಬೈಯುವುದನ್ನು ನಿಲ್ಲಿಸಿದಳು. ದಿನಾ ಮುಂಜಾನೆ, ಸಂಜೆ ತಾನೇ ಬಂದು ಮೈಕು ಚಾಲೂ ಮಾಡಿ ಅದರ ಮುಂದೆ ರಿಯಾಜಿಗೆ ಕೂಡತೊಡಗಿದಳು. ಪಕ್ಕದ ಮನೆಯ ಕೃಷ್ಣವ್ವನೂ ತಾಳ ಹಿಡಿದುಕೊಂಡು ಬರತೊಡಗಿದಳು. ನನ್ನ ಸಾಧನೆಯ ಮೇಲೆ ಹೆಂಡತಿಗೆ ನಂಬಿಕೆ ಬಂದಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವಳು ಕಣ್ಣು ಮುಚ್ಚಿ ಹಾಡುವಾಗ ನಾನು ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತು, ಈ ಹಾಡಿನ ಮೇಲೆ ಗುಂಯ್ ಎಂಬ ಕಳಂಕ ಉಳಿಯಬಾರದು ಎಂದು ಶಪಥ ಮಾಡುತ್ತಿದ್ದೆ.

ಕಡೆಗೆ ಸತ್ಯ ಹೊಳೆದದ್ದು ಗಡುವಿನ ಹಿಂದಿನ ದಿನ, ಶನಿವಾರ ಮುಂಜಾನೆ. ನಮ್ಮ ಮನೆಯ ಅರ್ಥಿಂಗಿನ ತಂತಿ ಹೋಗಿರುವುದು ಒಣಕಲು ಮಣ್ಣಿಗೆ. ಒಳ್ಳೆಯ ಅರ್ಥಿಂಗಿಗೆ ಸದಾ ಹಸಿಯಾಗಿರುವ ಮಣ್ಣು ಬೇಕು. ಈ ಬಿಸಿಲಿನಲ್ಲಿ ಸದಾ ಹಸಿ ಇರುವ ಮಣ್ಣು ಎಲ್ಲಿದೆ ಎಂದು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಅವ್ವ ಸ್ನಾನ ಮಾಡಿ ಬಂದು ತುಳಸಿಕಟ್ಟೆಗೆ ತಂಬಿಗೆ ನೀರು ಸುರಿದಳು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಒಂದು ದಿನ ತಪ್ಪದೆ ಸುರಿದಿದ್ದಾಳೆ.

"ಅವ್ವಾ, ತುಳಸಿಕಟ್ಟಿಯೊಳಗ ಒಂದು ಸರಳು ಊರ್ತೀನಿ."

"ಎಂಥಾ ಸರಳೋ?"

"ತಾಮ್ರದ್ದು."

ಅವ್ವ ತಂಬಿಗೆ ಕೆಳಗಿಟ್ಟಳು. "ತಾಮ್ರ ಆದ್ರ ಮಡೀಗೆ ನಡೀತದ. ಬೇರಿಗೆ ತಾಗಿಸಬ್ಯಾಡ. ಮತ್ತ ಸ್ನಾನ ಮಾಡಿ ಊರು."

ನಾನು ಎರಡನೆಯ ಸಲ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಸರಳು ಊರಿ, ಅದರಿಂದ ಪಡಸಾಲೆಯವರೆಗೆ ತಂತಿ ಎಳೆದೆ. ಮಡಿಯಲ್ಲಿ ಅರ್ಥಿಂಗ್ ಮಾಡಿದವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮೈಕು ಚಾಲೂ ಮಾಡಿದೆ. ಕೆಂಪು ಬೆಳಕು ಮೂಡಿತು. ಕಿವಿಗೊಟ್ಟೆ.

ಏನೂ ಇಲ್ಲ! ಮೌನ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಸ್ಪೀಕರಿನಲ್ಲಿ ಕೇಳಿಸಿತು. ವರದಾ ಕೃಷ್ಣವ್ವನ ಜೊತೆ ಪೇಟೆಗೆ ಹೋಗಿದ್ದಳು. ನಾಳೆ ಒಮ್ಮೆಲೇ ಅವಳನ್ನು ಬೆರಗುಗೊಳಿಸಬೇಕೆಂದು ತಂತಿ ಬಿಚ್ಚಿಟ್ಟು, ಬಾಯಿ ಬಿಗಿಹಿಡಿದು ಕೂತೆ. ಗಂಡಸರು ಹೆಂಡತಿಗೆ ಅಚ್ಚರಿ ಮೂಡಿಸಲು ಹೋಗಬಾರದು ಎಂದು ಈಗ ಅನ್ನಿಸುತ್ತದೆ.

ಐತವಾರ ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಕುಕ್ಕರ್ ಇಡಬಾರದೆಂದು ಬರೀ ಅವಲಕ್ಕಿ ತಿಂದೆವು. ಫ್ಯಾನು ನಿಲ್ಲಿಸಿದ್ದರಿಂದ ಬೆವರು ಇಳಿಯುತ್ತಿತ್ತು. ಅವ್ವ ಜಪಮಣಿಯನ್ನೂ ಕೆಳಗಿಟ್ಟು ಕೂತಳು. ಕೃಷ್ಣವ್ವ ತಾಳ ಹಿಡಿದಳು. ವರದಾ ಜರಿಯಂಚಿನ ಸೀರೆ ಉಟ್ಟು ಬಂದಳು. (ರೆಕಾರ್ಡಿಂಗಿಗೆ ಸೀರೆ ಯಾಕೆ ಎಂದು ನಾನು ಕೇಳಲಿಲ್ಲ.) ನಾನು ತುಳಸಿಯ ತಂತಿ ಜೋಡಿಸಿ, ಗತ್ತಿನಿಂದ ಸ್ವಿಚ್ ಒತ್ತಿದೆ.

ವರದಾ ಕಣ್ಣು ಮುಚ್ಚಿದಳು. ಉಸಿರು ತೆಗೆದುಕೊಂಡಳು. ಹಾಗೇ ಇದ್ದಳು. ಕಣ್ಣು ತೆರೆದಳು.

"ಎಲ್ಲಿ?"

"ಏನು ಎಲ್ಲಿ?"

"ಶ್ರುತಿ!"

"ಎಂಥಾ ಶ್ರುತಿ?"

"ಗುಂಯ್ ಅಂತಿತ್ತಲ್ಲ, ಅದು!"

"ಅದನ್ನ ತಗದು ಒಗದೆ" ಎಂದೆ, ಎದೆಯುಬ್ಬಿಸಿ. "ತಿಂಗಳಿಂದ ಅದಕ್ಕಽ ಬಡದಾಡ್ಲಿಕ್ಕೆ ಹತ್ತಿದ್ದೆ. ಈಗ ಕೇಳು, ಹೆಂಗ ಶಾಂತ ಅದ!"

ವರದಾ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮವೇ! ತಂಬೂರಿ ನೀವು ಕೆಡಿಸಿದ್ರಿ. ತಿಂಗಳಿಂದ ನಾ ಆ ಗುಂಯ್ ಮ್ಯಾಲೆ ರಿಯಾಜ್ ಮಾಡೀನಿ. ಅದು ಹಾರ್ಮೋನಿಯಮ್ಮಿನ ಬಿಳಿ ಐದರ ಮ್ಯಾಲೆ ಒಂದು ಕೂದಲೆಳಿ ಏರು ಇತ್ತು, ನನ್ನ ಕಂಠಕ್ಕ ಬರೋಬ್ಬರಿ ಕೂತಿತ್ತು. ಅಂಥಾ ಶ್ರುತಿ ನನಗ ತವರಮನಿ ಬಿಟ್ಟ ಮ್ಯಾಲೆ ಸಿಕ್ಕಿದ್ದಿಲ್ಲ. ನೀವು ಅದಕ್ಕಾಗೇ ಮಾಡೀರಿ ಅಂತ ತಿಳಕೊಂಡಿದ್ದೆ! ನಿಮ್ಮ ಬಗ್ಗೆ ಕೃಷ್ಣವ್ವನ ಮುಂದ ಎಷ್ಟು ಹೊಗಳೀನಿ!"

"ಹೌದ್ರಿ ಸರ್" ಎಂದಳು ಕೃಷ್ಣವ್ವ. "ನಮ್ಮ ಮನ್ಯಾಗೂ ಅಂಥಾದೊಂದು ಮಾಡಸ್ಬೇಕು ಅಂತಿದ್ನಿ. ಭಾಳ ಹದಾ ಇತ್ರಿ ಅದು."

ಒಂದು ತಿಂಗಳಿಂದ ನನ್ನ ಹೆಂಡತಿ ನನ್ನನ್ನು ಹೊಗಳುತ್ತಿದ್ದಳು, ನಾನು ಅದೇ ಹೊತ್ತಿಗೆ ಆ ಹೊಗಳಿಕೆಯ ಬೇರನ್ನು ಹುಡುಕಿ ಕೀಳುತ್ತಿದ್ದೆ! ಕೃಷ್ಣವ್ವನ ಮನೆಯಿಂದ ಹಾರ್ಮೋನಿಯಂ ತಂದು ಬಿಳಿ ಐದು ಒತ್ತಿದೆವು. ವರದಾ ಎರಡು ಸಾಲು ಹಾಡಿ ನಿಲ್ಲಿಸಿದಳು. ಅವಳ ಸ್ವರ ಮೇಲೆ, ಪೆಟ್ಟಿಗೆಯ ಸ್ವರ ಕೆಳಗೆ, ನಡುವೆ ನನ್ನ ಕಿವಿಗೂ ಕೇಳುವಷ್ಟು ಅಂತರ. ಮತ್ತೆ ಹಾಡಿದಳು, ಮತ್ತೆ ತಪ್ಪಿತು. ಮೂರನೆಯ ಸಲ ಅವಳ ಧ್ವನಿಯೇ ನಡುಗಿತು.

"ಈ ವರ್ಷವೂ ಹೋತು" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದು ತಿಳಿಯಬೇಕಂತೆ.

"ರಘೂ," ಎಂದಳು ಅವ್ವ, "ಆಕಿ ಗುಂಯ್ ಆಕಿಗೆ ವಾಪಸ್ ಕೊಡು."

ಗಡಿಯಾರ ನಾಲ್ಕು ದಾಟಿತ್ತು. ನಾನು ತುಳಸಿಯ ತಂತಿ ಕಿತ್ತೆಸೆದೆ. ಎಳೆದ ರಭಸಕ್ಕೆ ಒಳಗೆ ಏನು ಸಡಿಲಾಯಿತೋ, ಗುಂಯ್ ಬರಲಿಲ್ಲ, ಬರೀ ಚರಚರ ಬಂತು. ಬೆಳ್ಳಿ ಕಾಗದ ಹರಿದೆ. ಹೆಣೆದ ತಂತಿಗಳನ್ನು ಬಿಚ್ಚಿದೆ. ತಿಂಗಳ ಕೆಲಸವನ್ನು ಒಂದು ತಾಸಿನಲ್ಲಿ ಹಿಂದಿನಿಂದ ಮುಂದಕ್ಕೆ ಕೆಡಿಸುತ್ತ ಬಂದೆ. ಅವಸರದಲ್ಲಿ ಸ್ಕ್ರೂಡ್ರೈವರ್ ಜಾರಿ, ಪೊರೆಯ ಬಿಲ್ಲೆಯ ಕೂದಲಿನಷ್ಟು ತೆಳು ತಂತಿ ಟಕ್ಕೆಂದು ಹರಿಯಿತು. ನನ್ನ ಜೀವವೇ ಹರಿದಂತಾಯಿತು. ಧ್ವನಿ ಹಿಡಿಯುವ ತಂತಿಯೇ ಹೋದ ಮೇಲೆ ಮೈಕೆಲ್ಲಿ ಉಳಿಯಿತು?

ಅದೇ ಕ್ಷಣಕ್ಕೆ ಸ್ಪೀಕರಿನಿಂದ, ತುಂಬಿದ ಕಂಠದಿಂದ, ಹಿಂದೆಂದೂ ಇಲ್ಲದಷ್ಟು ಸೊಗಸಾಗಿ ಬಂತು:

ಗುಂಯ್‌ಂ‌ಂ‌ಂ...

ವರದಾ ಎದ್ದು ಕೂತಳು. "ಬಂತು! ಕೈ ಹಚ್ಚಬ್ಯಾಡ್ರಿ! ದೂರ ಸರೀರಿ!"

"ಆದ್ರ ಮೈಕ್ ಸತ್ತದ. ಈಗ ಇದಕ್ಕ ನಿನ್ನ ಹಾಡು ಕೇಳ್ಸೂದಿಲ್ಲ."

"ಅದಕ್ಕ ಕೇಳ್ಸೂದು ಬ್ಯಾಡ. ಅದು ನನಗ ಕೇಳ್ಸಿದ್ರ ಸಾಕು" ಎಂದು ವರದಾ ತನ್ನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಸ್ಪೀಕರನ್ನು ತನ್ನ ಬೆನ್ನಿನ ಹಿಂದೆ ಎಳೆದುಕೊಂಡಳು. ಕಣ್ಣು ಮುಚ್ಚಿ ಹಾಡಿದಳು. ಎಲ್ಲೂ ನಿಲ್ಲಲಿಲ್ಲ. ಮುಗಿದಾಗ ಅವ್ವ ಜಪಮಣಿ ಎತ್ತಿಕೊಳ್ಳುವುದನ್ನೂ ಮರೆತಿದ್ದಳು. ಆರಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಹಾಡು ಸವದತ್ತಿಗೆ ಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಹೋದ ವರ್ಷದ ಅದೇ ಮೊಬೈಲಿನಿಂದಲೇ ಹೋಯಿತು.

ಎರಡು ವಾರದ ಮೇಲೆ ಮಂಡಳಿಯವರ ಫೋನು ಬಂತು. ಆಯ್ಕೆಯಾಗಿದೆ ಎಂದರು. ಆಮೇಲೆ ಕೇಳಿದರು: "ತಂಬೂರಿ ಸಾಥ್ ಭಾಳ ಛಂದ ಐತ್ರಿ. ಯಾರ್ದು?"

ವರದಾ ನನ್ನ ಕಡೆ ನೋಡಿ, "ನಮ್ಮ ಮನ್ಯಾವರದು" ಎಂದಳು.

"ಹಂಗಾರ ಅವರನ್ನೂ ಕರ್ಕೊಂಡು ಬರ್ರಿ."

ಹೀಗೆ ಭೌತಶಾಸ್ತ್ರದ ಉಪನ್ಯಾಸಕನು ಜುಬ್ಬಾ ಹಾಕಿಕೊಂಡು, ಚಕ್ಕಲಿ ಒರಳು, ಬಿಸ್ಕೀಟಿನ ಡಬ್ಬಿ, ಸ್ಪೀಕರುಗಳನ್ನು ಚೀಲದಲ್ಲಿ ತುಂಬಿಕೊಂಡು ಸವದತ್ತಿಯ ಬಸ್ಸು ಹತ್ತಿದನು. ವೇದಿಕೆಯ ಮೇಲೆ ವರದಾಳ ಹಿಂದೆ, ತಾಳ ಹಿಡಿದು ಜೊತೆಗೆ ಬಂದಿದ್ದ ಕೃಷ್ಣವ್ವನ ಪಕ್ಕದಲ್ಲಿ ಕೂತು, ಎಲ್ಲಕ್ಕೂ ಒಂದು ಶಾಲು ಹೊದಿಸಿ ಸ್ವಿಚ್ ಒತ್ತಿದೆ. ಗುಂಯ್ ಎಂದಿತು. ವರದಾ ಹಾಡು ಎತ್ತಿದಳು. ಸಭೆ ತಲೆದೂಗಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು.

ದೀಪ, ಫ್ಯಾನು, ಮಂಡಳಿಯ ಮೈಕು ಎಲ್ಲವೂ ಹೋದವು. ನನ್ನ ಗುಂಯ್ ಕುಗ್ಗುತ್ತ ಕುಗ್ಗುತ್ತ ಹೋಗಿ ನಿಂತಿತು. ವರದಾ ಹಾಡು ನಿಲ್ಲಿಸಲಿಲ್ಲ. ಆದರೆ ಅರ್ಧ ತಿರುಗಿ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ಆ ನೋಟವನ್ನು ನಾನು ಬಲ್ಲೆ. ಆ ನೋಟಕ್ಕೆ ವಿವರಣೆ ಕೊಡುತ್ತ ಕೂಡಲಾಗದು, ಏನಾದರೂ ಮಾಡಲೇಬೇಕು. ಶಾಲಿನ ಕೆಳಗಿನ ಒರಳನ್ನು ನೋಡಿದೆ, ಕಿಟಕಿಯ ಕಡೆ ನೋಡಿದೆ, ಬೇರೆ ದಾರಿ ಕಾಣದೆ ಬಾಯಿ ಮುಚ್ಚಿ ಮೂಗಿನಿಂದ ಶುರುಮಾಡಿದೆ:

"ಗುಂಯ್‌ಂ‌ಂ‌ಂ..."

ತಿಂಗಳಿಡೀ ಶತ್ರುವೆಂದು ಕೇಳಿದ ಸ್ವರ, ಎಲುಬಿಗೆ ಇಳಿದಿತ್ತು. ಬಿಳಿ ಐದರ ಮೇಲೆ ಒಂದು ಕೂದಲೆಳೆ ಏರು, ಸರಿಯಾಗಿ ಅಲ್ಲೇ ಹೋಗಿ ಕೂತಿತು. ಕೃಷ್ಣವ್ವನ ಕೈಯಿಂದ ತಾಳ ಬೀಳುವುದೊಂದು ಉಳಿಯಿತು. ವರದಾಳ ಬೆನ್ನು ಮಾತ್ರ ಸಡಿಲಾಯಿತು, ಅವಳು ನೆಮ್ಮದಿಯಿಂದ ಚರಣ ಹಿಡಿದಳು. ಹಾಡು ಮುಗಿದು ಚಪ್ಪಾಳೆ ಬೀಳುವವರೆಗೂ ನಾನು ಉಸಿರು ಕದ್ದು ಕದ್ದು ಗುಂಯ್‌ಗುಟ್ಟಿದೆ.

ವರದಾಳಿಗೆ ಮೊದಲ ಬಹುಮಾನ ಬಂತು. ಬಹುಮಾನ ಕೊಡುವಾಗ ಹಿರಿಯ ತೀರ್ಪುಗಾರರು ಹೇಳಿದರು: "ತಂಬೂರಿ ಮೊದಲು ಒಂಚೂರು ಒಣಾ ಇತ್ತು. ಕರೆಂಟ್ ಹೋದ ಮ್ಯಾಲೆ ಭಾಳ ಸುಧಾರಿಸ್ತು." ವರದಾ ನಕ್ಕ ನಗೆ, ಅಂಥದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ನನಗೂ ಸಂತೋಷವಾಯಿತು. ಮುಂದೇನು ಕಾದಿದೆ ಎಂದು ಆಗ ಗೊತ್ತಿರಲಿಲ್ಲ.

ಮರುದಿನವೇ ಒರಳು ಹುಣಸೆಹಣ್ಣಿನಲ್ಲಿ ಮಿಂದು ಅವ್ವನ ಗೂಟಕ್ಕೆ ಹೋಯಿತು. "ಇನ್ನ ಅದರ ಕೆಲಸ ಏನದ?" ಎಂದಳು ವರದಾ. ಎಲೆಕ್ಟ್ರಾನಿಕ್ ತಂಬೂರಿ ಹೊಸದು ತರೋಣವೇ ಎಂದು ಕೇಳಿದೆ, ಬಹಳ ಒತ್ತಾಯವಾಗಿಯೇ ಕೇಳಿದೆ. "ಬ್ಯಾಡ ಬಿಡ್ರಿ, ಸುಮ್ನ ಖರ್ಚು" ಎಂದಳು.

ಮೊನ್ನೆ ಮುಂಜಾನೆ ಮಿಕ್ಸರ್ ಕೆಟ್ಟಿತು. ಎಂದಿನಂತೆ ಬಜಾರಿಗೆ ಫೋನು ಹೋಯಿತು. ಶಂಕ್ರೆಪ್ಪ ಬಂದಾಗ ನಾನು ಪಡಸಾಲೆಯಲ್ಲಿ, ವರದಾಳ ಬೆನ್ನ ಹಿಂದೆ, ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿ ಕೂತಿದ್ದೆ. ಅವನು ಬಾಗಿಲಲ್ಲೇ ನಿಂತ.

"ಏನ್ ಸರ್, ಏನ್ ಮಾಡಾಕ ಹತ್ತೀರಿ?"

"ಶ್! ಮಾತಾಡಸಬ್ಯಾಡ್ರಿ" ಎಂದಳು ವರದಾ. "ಈಗಷ್ಟ ಚಾಲೂ ಮಾಡೀನಿ. ಬಿಸಿ ಆಗ್ಲಿಕ್ಕೆ ಒಂಚೂರು ತಡಾ ಹಿಡೀತದ."

ಶಂಕ್ರೆಪ್ಪ ಅರ್ಥವಾದವನಂತೆ ತಲೆಯಾಡಿಸಿ, ಮಿಕ್ಸರ್ ನೋಡಲು ಮೆಲ್ಲಗೆ ಅಡುಗೆಮನೆಯ ಕಡೆ ಸರಿದ. ನನಗೆ ಹೇಳುವುದು ಬಹಳ ಇತ್ತು, ಆದರೆ ಬಾಯಿ ತೆರೆಯುವ ಹಾಗಿರಲಿಲ್ಲ.